ಸೂಪರ್ ಕಂಪ್ಯೂಟರ್ ಬಂತು, ಲೆಕ್ಕ ಬರೆಯುವವರಿಗೆ ಹುದ್ದೆ ಎಲ್ಲಿದೆ?

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನಿಮ್ಮ ಪತ್ರಿಕೆಯಲ್ಲಿ ನಮ್ಮ ದೇಶದ ಸೂಪರ್ ಕಂಪ್ಯೂಟರ್‌ಗಳ ಬಗ್ಗೆ ಬಂದ ಬರಹವನ್ನು ಎರಡು ಸಲ ಓದಿದೆ. 2015ರಲ್ಲಿ ಶುರುವಾದ ರಾಷ್ಟ್ರೀಯ ಸೂಪರ್ ಕಂಪ್ಯೂಟಿಂಗ್ ಮಿಷನ್, ಅದಕ್ಕೆ ಇಟ್ಟ 4,500 ಕೋಟಿ ರೂಪಾಯಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 2022ರಲ್ಲಿ ಬಂದ ಪರಮ್ ಪ್ರವೇಗ, ಅದರ 3.3 ಪೆಟಾಫ್ಲಾಪ್ ವೇಗ, ಎಲ್ಲವೂ ಇತ್ತು. ಸೆಕೆಂಡಿಗೆ 33 ಕೋಟಿ ಕೋಟಿ ಲೆಕ್ಕ ಅಂದರೆ ಯಾರಿಗಾದರೂ ಹೆಮ್ಮೆ ಆಗುತ್ತದೆ, ನನಗೂ ಆಯಿತು. ಆದರೆ ಆ ಯಂತ್ರದಲ್ಲಿ ಓಡುವ ಲೆಕ್ಕವನ್ನು, ಅಂದರೆ ಪ್ರೋಗ್ರಾಮನ್ನು, ಯಾರು ಬರೆಯುತ್ತಾರೆ, ಅವರ ಹೊಟ್ಟೆಪಾಡು ಹೇಗೆ ನಡೆಯುತ್ತದೆ ಅನ್ನುವ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಕತ್ತರಿಸದೆ ಹಾಕಿ.

ನಾನು ಅಂಕೋಲಾದವಳು. ಡಿಗ್ರಿ ಕಾಲೇಜಿನಲ್ಲಿ 32 ವರ್ಷ ಗಣಿತ ಪಾಠ ಮಾಡಿ ನಿವೃತ್ತಳಾದೆ. 2024ರ ಜುಲೈ 16ರ ಬೆಳಿಗ್ಗೆ ನಮ್ಮ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದು ನಾಡಿಗೆಲ್ಲ ಗೊತ್ತು. ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿದ್ದ ಮಣ್ಣು ಅಲ್ಲಿಗೇ ನಿಲ್ಲಲಿಲ್ಲ, ಗಂಗಾವಳಿ ಹೊಳೆಗೆ ಇಳಿಯಿತು. ಹೊಳೆಯ ನೀರು ಎದ್ದು ಆಚೆ ದಡದ ಉಳುವರೆಗೆ ನುಗ್ಗಿತು. ಅಲ್ಲಿ ಮನೆ ಹೋದವು, ಜೀವವೂ ಹೋಯಿತು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತವರು ಆ ಕಡೆಯದು. ಕೆಲವು ದಿನ ಕಳೆದ ಮೇಲೆ ಮನೆಗೆ ಬಂದವಳು ಜಗಲಿ ಮೇಲೆ ಕೂತು ಕೇಳಿದಳು: "ಮೇಡಂ, ಗುಡ್ಡ ಬಿದ್ದದ್ದು ಈಚೆ ದಡದಲ್ಲಿ. ನೀರು ಆಚೆ ಎಷ್ಟು ಎತ್ತರ ಬರುತ್ತೆ ಅಂತ ಮೊದಲೇ ಲೆಕ್ಕ ಹಾಕಿ ಇಡೋಕೆ ಆಗಲ್ವಾ?"

ಆಗುತ್ತದೆ. ಗುಡ್ಡ ಯಾವತ್ತು ಬೀಳುತ್ತದೆ ಎಂದು ಆ ಲೆಕ್ಕ ಹೇಳುವುದಿಲ್ಲ. ಇಷ್ಟು ಮಣ್ಣು ಇಲ್ಲಿಂದ ಬಿದ್ದರೆ ಎಲ್ಲಿಗೆ ಹೋಗುತ್ತದೆ, ನೀರು ಯಾವ ಮನೆಯ ತನಕ ಬರುತ್ತದೆ ಎಂಬುದನ್ನು ಮಾತ್ರ ಹೇಳಬಲ್ಲದು. ಅಷ್ಟು ಗೊತ್ತಿದ್ದರೂ ಜೋರು ಮಳೆಯ ರಾತ್ರಿ ಯಾವ ಮನೆಯವರನ್ನು ಬೇರೆ ಕಡೆ ಮಲಗಿಸಬೇಕು ಎಂದು ತಿಳಿಯುತ್ತದೆ ಅಲ್ವಾ?

ಈ ಲೆಕ್ಕದ ಸಮೀಕರಣಗಳು ಹೊಸವೇನಲ್ಲ. ಫ್ರಾನ್ಸಿನ ಎಂಜಿನಿಯರ್ ಸೇಂಟ್ ವೆನಾಂಟ್ 1871ರಲ್ಲೇ ಬರೆದಿಟ್ಟಿದ್ದಾರೆ. ನೀರಿನ ಆಳ ಎಷ್ಟು, ಯಾವ ದಿಕ್ಕಿಗೆ ಎಷ್ಟು ಹರಿಯುತ್ತಿದೆ, ಕ್ಷಣಕ್ಷಣಕ್ಕೆ ಅದು ಹೇಗೆ ಬದಲಾಗುತ್ತದೆ, ಇದೇ ಅವುಗಳ ವಿಷಯ. ನಾವು ಡಿಗ್ರಿಯಲ್ಲಿ ಕಲಿಸುವ ಡಿಫರೆನ್ಶಿಯಲ್ ಇಕ್ವೇಶನ್‌ಗಳ ಜಾತಿಯವೇ. ಆದರೆ ಕ್ಲಾಸಿನಲ್ಲಿ ಬಿಡಿಸಿದ ಹಾಗೆ ಪೆನ್ನು ಹಿಡಿದು ಇವನ್ನು ಬಿಡಿಸಲು ಆಗುವುದಿಲ್ಲ. ಹೊಳೆಯನ್ನೋ ಕಡಲನ್ನೋ ಸಣ್ಣ ಸಣ್ಣ ಚೌಕಗಳಾಗಿ ಕೊಯ್ದು, ಚೌಕಾಬಾರದ ಮನೆಗಳ ಹಾಗೆ ಒಂದೊಂದು ಮನೆಗೂ ಲೆಕ್ಕ ಹಾಕುತ್ತಾ ಹೋಗಬೇಕು. ಈ ಮನೆಗಳ ಜಾಲಕ್ಕೆ ಗ್ರಿಡ್ ಅನ್ನುತ್ತಾರೆ.

ತೊಂದರೆ ಶುರುವಾಗುವುದು ಇಲ್ಲಿ. ಸುನಾಮಿಯ ಉದಾಹರಣೆ ತೆಗೆದುಕೊಳ್ಳೋಣ, ಅದಕ್ಕೂ ಇದೇ ಲೆಕ್ಕ. 2,000 ಕಿಲೋಮೀಟರ್ ಉದ್ದ, ಅಷ್ಟೇ ಅಗಲದ ಕಡಲು ಎಂದುಕೊಳ್ಳಿ. ಬಂದರಿನ ಹತ್ತಿರ ಅಲೆ ಯಾವ ಓಣಿಗೆ ನುಗ್ಗುತ್ತದೆ ಎಂದು ತಿಳಿಯಲು ಮನೆಯ ಅಳತೆ 10 ಮೀಟರ್ ಇರಬೇಕು. ಇಡೀ ಕಡಲಿಗೆ ಅದೇ ಅಳತೆ ಹಾಕಿದರೆ 4,000 ಕೋಟಿ ಮನೆಗಳಾಗುತ್ತವೆ. ಒಂದೊಂದು ಮನೆಗೆ ಮೂರು ಸಂಖ್ಯೆ (ಆಳ, ಎರಡು ದಿಕ್ಕಿನ ಹರಿವು) ಬರೆದಿಡಲು 960 ಗಿಗಾಬೈಟ್ ಮೆಮೊರಿ ಬೇಕು. ನನ್ನ ಲ್ಯಾಪ್‌ಟಾಪ್‌ನಲ್ಲಿ ಇರುವುದು 8. ಸಾಲದ್ದಕ್ಕೆ, ಮನೆಯ ಅಳತೆ ಅರ್ಧ ಮಾಡಿದರೆ ಕಾಲದ ಹೆಜ್ಜೆಯನ್ನೂ, ಅಂದರೆ ಒಂದು ಲೆಕ್ಕದಿಂದ ಮುಂದಿನ ಲೆಕ್ಕಕ್ಕೆ ಬಿಡುವ ಸಮಯವನ್ನೂ, ಅರ್ಧ ಮಾಡಬೇಕು, ಇಲ್ಲದಿದ್ದರೆ ಲೆಕ್ಕ ಹದ ತಪ್ಪಿ ಸಿಡಿಯುತ್ತದೆ. ಇದನ್ನು ಕೂರಾಂಟ್, ಫ್ರೀಡ್ರಿಕ್ಸ್, ಲೆವಿ ಎಂಬ ಮೂವರು 1928ರಲ್ಲಿ ತೋರಿಸಿದರು. ಮನೆಗಳು ನಾಲ್ಕು ಪಟ್ಟು, ಹೆಜ್ಜೆಗಳು ಎರಡು ಪಟ್ಟು. ಕೆಲಸ ಒಟ್ಟು ಎಂಟು ಪಟ್ಟು.

ಆದರೆ ಇಡೀ ಕಡಲಿಗೆ 10 ಮೀಟರ್ ಅಳತೆ ಯಾಕೆ ಬೇಕು? ನಮ್ಮ ಕಡೆ ಟ್ರಾಲ್ ಬಲೆ ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಬಾಯಿಯ ಹತ್ತಿರ ಬಲೆಯ ಕಣ್ಣು ದೊಡ್ಡದು. ಮೀನು ಕೊನೆಗೆ ಸೇರುವ ಚೀಲದಲ್ಲಿ ಕಣ್ಣು ಸಣ್ಣದು. ಎಲ್ಲ ಕಡೆ ಸಣ್ಣ ಕಣ್ಣು ಹೆಣೆದರೆ ನೂಲೂ ದಂಡ, ಬಲೆ ಎಳೆಯುವುದೂ ಕಷ್ಟ. ಲೆಕ್ಕದಲ್ಲೂ ಹಾಗೆಯೇ. ನಡುಗಡಲಿನಲ್ಲಿ ಸುನಾಮಿ ಅಲೆಯ ಉದ್ದ 200 ಕಿಲೋಮೀಟರ್‌ಗಿಂತ ಜಾಸ್ತಿ ಇರಬಹುದು. ಅಲ್ಲಿಗೆ 4 ಕಿಲೋಮೀಟರ್ ಮನೆ ಸಾಕು. ಇಡೀ ಕಡಲು ಎರಡೂವರೆ ಲಕ್ಷ ಮನೆಯಲ್ಲಿ ಮುಗಿಯುತ್ತದೆ. ಬಂದರಿನ ಸುತ್ತ 10 ಕಿಲೋಮೀಟರ್ ಚೌಕಕ್ಕೆ ಮಾತ್ರ 10 ಮೀಟರ್ ಮನೆ ಹಾಕಿದರೆ ಇನ್ನೊಂದು 10 ಲಕ್ಷ. ನಡುವಿನ ಹಂತಗಳನ್ನು ಸೇರಿಸಿದರೂ ನನ್ನ ಲ್ಯಾಪ್‌ಟಾಪ್ ತಡೆದುಕೊಳ್ಳುತ್ತದೆ.

ಬಲೆಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಹೆಣೆದ ಬಲೆಯ ಕಣ್ಣು ಬದಲಾಗುವುದಿಲ್ಲ, ಅಲೆ ಮಾತ್ರ ಓಡುತ್ತಿರುತ್ತದೆ. 4,000 ಮೀಟರ್ ಆಳದಲ್ಲಿ ಅದರ ವೇಗ ಗಂಟೆಗೆ 700 ಕಿಲೋಮೀಟರ್ ದಾಟುತ್ತದೆ. ಹಾಗಾಗಿ ಅಲೆ ಹೋದಲ್ಲೆಲ್ಲ ಸಣ್ಣ ಮನೆಗಳೂ ಹಿಂದೆಯೇ ಹೋಗಬೇಕು, ಅಲೆ ದಾಟಿದ ಮೇಲೆ ಅಲ್ಲಿ ಮತ್ತೆ ದೊಡ್ಡ ಮನೆ ಆಗಬೇಕು. ಎಲ್ಲಿ ತಪ್ಪು ಜಾಸ್ತಿ ಆಗುತ್ತಿದೆ ಎಂದು ಪ್ರೋಗ್ರಾಮೇ ನೋಡಿಕೊಂಡು, ಆ ಮನೆಗಳಿಗೆ ಗುರುತು ಹಾಕಿ, ಅವುಗಳ ಮೇಲೆ ಸಣ್ಣ ಗ್ರಿಡ್‌ನ ತೇಪೆ ಹಚ್ಚುತ್ತದೆ. ಕೆಲವು ಹೆಜ್ಜೆಗೊಮ್ಮೆ ತೇಪೆ ಬದಲಾಗುತ್ತದೆ. ಅಡಾಪ್ಟಿವ್ ಗ್ರಿಡ್ ಅಂದರೆ ಇದು. ಅಮೆರಿಕದ ಮಾರ್ಷಾ ಬರ್ಗರ್ ಮತ್ತು ಅವರ ಗುರು ಜೋಸೆಫ್ ಆಲಿಗರ್ ಈ ದಾರಿಯನ್ನು 1984ರಲ್ಲಿ ಪ್ರಕಟಿಸಿದರು. ಆ ವರ್ಷ ನಾನು ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಕಾಯಿಸಿದ ಸರಳಿನ ಲೆಕ್ಕವನ್ನು ಗ್ರಾಫ್ ಹಾಳೆಯ ಮೇಲೆ ಕ್ಯಾಲ್ಕ್ಯುಲೇಟರ್ ಒತ್ತಿ ಒತ್ತಿ ಮಾಡುತ್ತಿದ್ದೆವು. ಸರಳಿನ ತುದಿಯಲ್ಲಿ ಮಾತ್ರ ಬಿಸಿ ಬೇಗ ಬೇಗ ಬದಲಾಗುತ್ತಿತ್ತು. ನಡುವಿನ ನೂರಾರು ಮನೆಗಳಲ್ಲಿ ಏನೂ ಆಗುತ್ತಿರಲಿಲ್ಲ, ಆದರೂ ಅಲ್ಲೂ ಅಷ್ಟೇ ಲೆಕ್ಕ ಮಾಡಬೇಕಿತ್ತು. ಬೆರಳು ನೋಯುತ್ತಿದ್ದದ್ದು ಇನ್ನೂ ನೆನಪಿದೆ.

ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ರಾಂಡಲ್ ಲೆವೆಕ್ 1994ರಲ್ಲಿ ಕ್ಲಾಪ್ಯಾಕ್ ಎಂಬ ಸಾಫ್ಟ್‌ವೇರನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಬರ್ಗರ್ ಅವರ ಜೊತೆ ಸೇರಿ ಅದಕ್ಕೆ ಈ ಗ್ರಿಡ್ ಸೇರಿಸಿದರು. ಆಮೇಲೆ ಲೆವೆಕ್ ಅವರ ವಿದ್ಯಾರ್ಥಿ ಡೇವಿಡ್ ಜಾರ್ಜ್ ಸುನಾಮಿಗೆಂದು ಅದನ್ನು ಬೆಳೆಸಿದರು. ಈಗ ಅದರ ಹೆಸರು ಜಿಯೋಕ್ಲಾ. ದುಡ್ಡಿಲ್ಲ, ಬೀಗವಿಲ್ಲ. ಒಳಗಿನ ಫೋರ್ಟ್ರಾನ್ ಎಂಬ ಕಂಪ್ಯೂಟರ್ ಭಾಷೆಯ ಸಾಲುಗಳನ್ನು ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಬಹುದು. ಅದರ ಜೊತೆಗೇ ಬರುವ ಒಂದು ಉದಾಹರಣೆ 2010ರ ಫೆಬ್ರವರಿ 27ರ ಚಿಲಿ ಸುನಾಮಿ. ನಿವೃತ್ತಿಯ ನಂತರ ಅದನ್ನು ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡಿಸಿದೆ. ಕೆಲವೇ ನಿಮಿಷ ಸಾಕಾಯಿತು. ಶಾಂತ ಸಾಗರದಲ್ಲಿ ಅಲೆ ಹರಡುತ್ತಾ ಹೋದ ಹಾಗೆ ಸಣ್ಣ ಗ್ರಿಡ್‌ನ ಚೌಕಗಳು ಅದರ ಬೆನ್ನು ಹಿಡಿದು ಹೋಗುವುದು ಪರದೆಯ ಮೇಲೆ ಕಾಣುತ್ತದೆ. ಕಡಲಿನಲ್ಲಿ ಇಟ್ಟ 32412 ಎಂಬ ನಂಬರಿನ ಮಾಪಕ ಅವತ್ತು ಅಳೆದ ಏರಿಳಿತವನ್ನು ನಮ್ಮ ಲೆಕ್ಕದ ಪಕ್ಕದಲ್ಲೇ ಇಟ್ಟು ನೋಡಬಹುದು. ನೋಡುತ್ತಾ ಕೂತು ಬೆಳಿಗ್ಗೆ ಇಟ್ಟ ಚಹಾ ಆರಿ ಹೋಯಿತು.

ಈಗ ನಾನು ಮುಖ್ಯವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ಸಮೀಕರಣ ಗೊತ್ತಿದೆ, ಗ್ರಿಡ್ ಗೊತ್ತಿದೆ, ಸುಮ್ನೆ ಬರೆದು ಓಡಿಸಿದರೆ ಆಯಿತು ಎಂದು ಅನ್ನಿಸಬಹುದು. ಹಾಗಿಲ್ಲ. ಒಂದು ಸಣ್ಣ ಲೆಕ್ಕ ಕೊಡುತ್ತೇನೆ, ಓದುಗರು ಪೆನ್ಸಿಲ್ ಹಿಡಿದು ಮಾಡಬಹುದು.

ಗಾಳಿಯಿಲ್ಲ, ಅಲೆಯಿಲ್ಲ, ಕಡಲು ಕನ್ನಡಿಯ ಹಾಗೆ ನಿಂತಿದೆ ಎಂದುಕೊಳ್ಳಿ. ದಡದ ಹತ್ತಿರ ಒಂದು ದೊಡ್ಡ ಮನೆ. ಅದರ ತಳದ ಸರಾಸರಿ ಆಳ 10 ಮೀಟರ್, ನೀರೂ 10 ಮೀಟರ್. ಅಂದರೆ ಮೇಲ್ಮೈ ಸರಿಯಾಗಿ ಸೊನ್ನೆಯಲ್ಲಿದೆ. ಅಲೆ ಬರುತ್ತಿದೆ ಎಂದು ಪ್ರೋಗ್ರಾಮು ಈ ಮನೆಯನ್ನು ನಾಲ್ಕು ಮಾಡುತ್ತದೆ. ಸಣ್ಣ ಮನೆಗಳಲ್ಲಿ ತಳದ ನಿಜವಾದ ಆಳ 4, 8, 12, 16 ಮೀಟರ್. ಸರಾಸರಿ ಈಗಲೂ 10. ದೊಡ್ಡ ಮನೆಯಲ್ಲಿ 10 ಮೀಟರ್ ನೀರಿತ್ತಲ್ಲ ಎಂದು ನಾಲ್ಕಕ್ಕೂ 10 ಮೀಟರ್ ನೀರು ಹಂಚಿದರೆ ಏನಾಗುತ್ತದೆ? ಮೊದಲ ಮನೆಯಲ್ಲಿ ನೀರು 6 ಮೀಟರ್ ಮೇಲೆ ಎದ್ದು ನಿಲ್ಲುತ್ತದೆ, ಕೊನೆಯದರಲ್ಲಿ 6 ಮೀಟರ್ ತಗ್ಗುತ್ತದೆ. ನಿಂತ ಕಡಲಿನಲ್ಲಿ 12 ಮೀಟರ್ ಸುಳ್ಳು ಅಲೆ ಹುಟ್ಟಿತು! ನಿಜವಾದ ಸುನಾಮಿ ನಡುಗಡಲಿನಲ್ಲಿ ಸಾಮಾನ್ಯವಾಗಿ ಒಂದು ಮೀಟರ್ ಕೂಡ ಇರುವುದಿಲ್ಲ. ಗ್ರಿಡ್ ಬದಲಾದಾಗಲೆಲ್ಲ ಇಂಥ ಸುಳ್ಳು ಅಲೆ ಎದ್ದರೆ ಇಡೀ ಲೆಕ್ಕ ಕಸ.

ಜಿಯೋಕ್ಲಾ ಬರೆದವರು ಆಳವನ್ನು ಹಂಚುವುದಿಲ್ಲ, ಮೇಲ್ಮೈಯನ್ನು ಹಿಡಿದುಕೊಳ್ಳುತ್ತಾರೆ. ಮೇಲ್ಮೈ ಸೊನ್ನೆ ಇತ್ತು, ಸೊನ್ನೆಯೇ ಇರಲಿ, ನೀರು 4, 8, 12, 16 ಆಗಲಿ. ಕೂಡಿಸಿದರೆ 40, ಮೊದಲೂ ನಾಲ್ಕು ಹತ್ತು 40. ಎಲ್ಲ ಸರಿಹೋಯಿತು.

ದಡದಲ್ಲಿ ಮಾತ್ರ ಇದೂ ಸರಿಹೋಗುವುದಿಲ್ಲ. ಅದೇ ಮನೆಯ ನಾಲ್ಕು ಭಾಗದಲ್ಲಿ ಒಂದು ನೆಲವಾಗಿದ್ದು, ಕಡಲಿಗಿಂತ 2 ಮೀಟರ್ ಮೇಲಿದೆ ಎಂದುಕೊಳ್ಳಿ. ಉಳಿದ ಮೂರರ ಆಳ 4, 14, 24. ಸರಾಸರಿ ಮತ್ತೆ 10. ಮೇಲ್ಮೈಯನ್ನು ಸೊನ್ನೆಯಲ್ಲಿ ಹಿಡಿದರೆ ನೆಲದ ಮೇಲೆ ನೀರಿಲ್ಲ, ಉಳಿದವುಗಳಲ್ಲಿ 4, 14, 24. ಕೂಡಿಸಿದರೆ 42! ಎರಡು ಪಾಲು ನೀರು ಎಲ್ಲಿಂದಲೋ ಹೊಸದಾಗಿ ಬಂದುಬಿಟ್ಟಿತು. ನೀರನ್ನು ಕಾಪಾಡಬೇಕೋ, ನಿಂತ ಮೇಲ್ಮೈಯನ್ನು ಕಾಪಾಡಬೇಕೋ? ಎರಡೂ ಒಟ್ಟಿಗೆ ಆಗುವುದಿಲ್ಲ. ಅವರು ಯೋಚಿಸಿ ಮೇಲ್ಮೈಯನ್ನು ಕಾಪಾಡುವ ಕಡೆ ನಿಂತರು. ದಡದ ಹತ್ತಿರ ನೀರಿನ ಲೆಕ್ಕದಲ್ಲಿ ಇಂಥ ವ್ಯತ್ಯಾಸ ಬರುತ್ತದೆ ಎಂದು ತಾವೇ ಬರೆದು ಪ್ರಕಟಿಸಿದರು. ಈ ಪ್ರಾಮಾಣಿಕತೆ ನನಗೆ ತುಂಬಾ ಇಷ್ಟ. ಇಂಥ ಪ್ರಶ್ನೆ ಒಂದಲ್ಲ, ನೂರಾರು ಇವೆ. ದೊಡ್ಡ ಮನೆಯ ಅಂಚಿಗೆ ಸಣ್ಣ ಮನೆ ತಾಗುವಲ್ಲಿ ಈಚೆಯಿಂದ ಹೊರಟ ನೀರೇ ಆಚೆ ಸೇರಿತೋ ಎಂದು ನೋಡಬೇಕು. ಒಣ ಮನೆಗೆ ಮೊದಲ ಹನಿ ಬಂದಾಗ ಆಳ ಸೊನ್ನೆಗಿಂತ ಕೆಳಗೆ ಹೋಗದ ಹಾಗೆ ನೋಡಬೇಕು.

ಈ ಕೆಲಸ ಸರಿಯಾಗಿ ಆಗಿದೆ ಎಂಬುದಕ್ಕೆ ಮೊದಲ ಪರೀಕ್ಷೆ ಏನು ಗೊತ್ತೇ? ನಿಂತ ಕೆರೆಯನ್ನು ಕೊಟ್ಟು ಓಡಿಸುವುದು. ಗ್ರಿಡ್ ಎಷ್ಟು ಸಲ ಬದಲಾದರೂ ನೀರು ಅಲ್ಲಾಡಬಾರದು. ಪರದೆಯ ಮೇಲೆ ಏನೂ ಆಗುವುದಿಲ್ಲ. ಏನೂ ಆಗದಿದ್ದರೆ ಗೆದ್ದ ಹಾಗೆ.

ನನ್ನ ಕೈಯಲ್ಲಿ ಕಲಿತ ಒಬ್ಬ ಹುಡುಗ ಎರಡು ವರ್ಷ ಈ ಕೆಲಸ ಮಾಡಿದ. ಮೀನುಗಾರರ ಮನೆಯವನು. ನಮ್ಮ ಕಡೆಯ ಹೊಳೆಗಳಂತೆ ಕಡಿದಾದ ದಂಡೆ, ಉಪ್ಪುನೀರು ನುಗ್ಗುವ ಗಜನಿ ಗದ್ದೆ, ಉಬ್ಬರ ಇಳಿತ ಇರುವಲ್ಲಿ ಓಡುವಂಥ ಪ್ರೋಗ್ರಾಮು ಬರೆದ. ಗ್ರಿಡ್ ತಾನೇ ಬದಲಾಗುವಂಥದ್ದು. ನಿಂತ ನೀರಿನ ಪರೀಕ್ಷೆಯಲ್ಲೇ ಏಳು ತಿಂಗಳು ಸಿಕ್ಕಿಹಾಕಿಕೊಂಡಿದ್ದ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, "ಮೇಡಂ, ನಿಂತಿತು" ಅಂದ ದಿನ ನನಗೂ ನಿದ್ದೆ ಬರಲಿಲ್ಲ. ಆಮೇಲೆ ಒಂದು ಸಂಶೋಧನಾ ಕೆಲಸದ ಸಂದರ್ಶನಕ್ಕೆ ಹೋದ. ಪ್ರೋಗ್ರಾಮನ್ನು ಯಾರೂ ತೆರೆದು ನೋಡಲಿಲ್ಲ. "ಪ್ರಕಟವಾದ ಪೇಪರ್ ಎಷ್ಟು?" ಎಂದು ಕೇಳಿದರು. ಒಂದು, ಅಂದ. "ಸಾಫ್ಟ್‌ವೇರ್‌ಗೆ ಅಂಕ ಕೊಡುವ ಕಾಲಂ ನಮ್ಮಲ್ಲಿ ಇಲ್ಲ" ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಹೇಳಿದ್ದು ನಿಜ, ಆ ಕಾಲಂ ಇರಲಿಲ್ಲ. ಆ ಹುಡುಗ ಈಗ ಬೆಂಗಳೂರಿನಲ್ಲಿ ಬ್ಯಾಂಕಿನ ಆ್ಯಪ್ ಬರೆಯುತ್ತಿದ್ದಾನೆ. ಮನೆ ಸಾಲ ತೀರಿತು, ತಂಗಿಯ ಮದುವೆ ಆಯಿತು, ಒಳ್ಳೆಯದೇ. ಆದರೆ ಅವನ ಪ್ರೋಗ್ರಾಮು ಹಾಗೇ ಬಿದ್ದಿದೆ. ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಹೊಸದು ಬಂದ ಮೇಲೆ ಅದು ಓಡುತ್ತಲೂ ಇಲ್ಲ. ಶಿರೂರಿನಲ್ಲಿ ಗುಡ್ಡ ಬಿದ್ದ ದಿನ ಅವನೇ ನನಗೆ ಫೋನ್ ಮಾಡಿದ. ಇಬ್ಬರೂ ಜಾಸ್ತಿ ಮಾತಾಡಲಿಲ್ಲ.

ಬೇರೆ ಕಡೆ ಈ ಕೆಲಸಕ್ಕೆ ಬೆಲೆ ಕೊಟ್ಟವರಿದ್ದಾರೆ. ಅಡಾಪ್ಟಿವ್ ಗ್ರಿಡ್‌ನದೇ ಇನ್ನೊಂದು ಸಾಫ್ಟ್‌ವೇರ್ ಡೀಲ್ ಟು. ಅದನ್ನು ಬರೆದ ಬಾಂಗರ್ಥ್, ಹಾರ್ಟ್‌ಮನ್, ಕಾನ್‌ಶಾಟ್ ಅವರಿಗೆ 2007ರಲ್ಲಿ ವಿಲ್ಕಿನ್ಸನ್ ಪ್ರಶಸ್ತಿ ಬಂತು. ಸಂಖ್ಯಾ ಲೆಕ್ಕದ ಸಾಫ್ಟ್‌ವೇರ್‌ಗೆಂದೇ ಇರುವ ಪ್ರಶಸ್ತಿ ಅದು. ಬ್ರಿಟನ್‌ನಲ್ಲಿ 2012ರಿಂದ ಇಂಥವರಿಗೆ ರಿಸರ್ಚ್ ಸಾಫ್ಟ್‌ವೇರ್ ಎಂಜಿನಿಯರ್ ಎಂಬ ಹೆಸರಿದೆ, ವಿಶ್ವವಿದ್ಯಾಲಯಗಳಲ್ಲಿ ಆ ಹೆಸರಿನ ಹುದ್ದೆಗಳೂ ಇವೆ. ಪ್ಯಾರಿಸ್‌ನ ಸ್ಟೆಫಾನ್ ಪೊಪಿನೆ ಮೊದಲು ಗೆರಿಸ್, ಆಮೇಲೆ ಬೆಸಿಲಿಸ್ಕ್ ಎಂಬ ಸಾಫ್ಟ್‌ವೇರ್ ಬರೆದು ಎಲ್ಲರಿಗೂ ಕೊಟ್ಟಿದ್ದಾರೆ. ಗೆರಿಸ್ ಅಂದರೆ ಕೆರೆಯ ನೀರಿನ ಮೇಲೆ ಕಾಲೂರಿ ಓಡುವ ಹುಳ, ಬೆಸಿಲಿಸ್ಕ್ ನೀರಿನ ಮೇಲೆ ಓಡುವ ಓತಿ. ಮಕ್ಕಳಿಗೆ ಹೇಳಿದರೆ ಹೆಸರು ಮರೆಯುವುದೇ ಇಲ್ಲ.

ಬೆಲೆ ಕೊಟ್ಟರೆ ಏನು ಸಿಗುತ್ತದೆ ಎಂದು ಕೇಳುವವರಿಗೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ವೆಸ್ಟ್‌ಪೋರ್ಟ್ ಎಂಬ ಕಡಲೂರಿನ ಶಾಲೆಯನ್ನು ತೋರಿಸುತ್ತೇನೆ. ಆ ಕರಾವಳಿಯಲ್ಲಿ 1700ರ ಜನವರಿ 26ರಂದು ದೊಡ್ಡ ಭೂಕಂಪ, ಸುನಾಮಿ ಆಗಿತ್ತು. ಮತ್ತೆ ಆಗುವ ಭಯ ಇದೆ. ಊರು ಚಪ್ಪಟೆ, ಓಡಿ ಹತ್ತಲು ಹತ್ತಿರದಲ್ಲಿ ಗುಡ್ಡ ಇಲ್ಲ. ಹಾಗಾಗಿ ಒಕೋಸ್ಟಾ ಶಾಲೆಯನ್ನು ಹೊಸದಾಗಿ ಕಟ್ಟುವಾಗ ವ್ಯಾಯಾಮ ಶಾಲೆಯ ಛಾವಣಿಯನ್ನೇ ಆಸರೆಯಾಗಿ ಮಾಡಿದರು. ನೀರು ಅಲ್ಲಿ ಎಷ್ಟು ಎತ್ತರ ಬರಬಹುದು ಎಂದು ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಜಿಯೋಕ್ಲಾದಲ್ಲೇ ಲೆಕ್ಕ ಹಾಕಿ ಕೊಟ್ಟರು. 2016ರಲ್ಲಿ ಕಟ್ಟಡ ಮುಗಿಯಿತು. ಸುಮಾರು 1,000 ಜನ ಮೇಲೆ ನಿಲ್ಲಬಹುದು. ಆ ದೇಶದಲ್ಲಿ ಅಂಥದ್ದು ಅದೇ ಮೊದಲು. ನಿಂತ ನೀರು ಅಲ್ಲಾಡದ ಹಾಗೆ ಯಾರೋ ವರ್ಷಗಟ್ಟಲೆ ಕೂತು ನೋಡಿಕೊಂಡದ್ದರಿಂದ ಆ ಛಾವಣಿಯ ಎತ್ತರವನ್ನು ನಂಬಲು ಸಾಧ್ಯವಾಯಿತು.

ನಮ್ಮ ಗುಡ್ಡ, ಹೊಳೆಗೂ ದಾರಿ ಇದೆ. ಗುಡ್ಡ ನೀರಿಗೆ ಬಿದ್ದ ಜಾಗದಲ್ಲೇ ಸೇಂಟ್ ವೆನಾಂಟ್ ಸಮೀಕರಣ ಅಷ್ಟು ನಿಖರವಲ್ಲ, ಅದನ್ನು ಮುಚ್ಚಿಡಬಾರದು. ಮಣ್ಣು, ನೀರು ಕಲಸಿ ಹರಿಯುವ ಕುಸಿತಕ್ಕೆಂದು ಅದೇ ಡೇವಿಡ್ ಜಾರ್ಜ್ ಮತ್ತು ರಿಚರ್ಡ್ ಐವರ್ಸನ್ ಡಿ-ಕ್ಲಾ ಎಂಬುದನ್ನು ಮಾಡಿದ್ದಾರೆ. 2014ರಲ್ಲಿ ವಾಷಿಂಗ್ಟನ್ ರಾಜ್ಯದ ಓಸೋದಲ್ಲಿ ಗುಡ್ಡ ಕುಸಿದು ಹೊಳೆ ದಾಟಿ ಆಚೆಯ ಮನೆಗಳನ್ನು ಮುಚ್ಚಿತ್ತು. ಅದು ಅಷ್ಟು ದೂರ ಯಾಕೆ ಹರಿಯಿತು ಎಂದು ತಿಳಿಯಲು ಡಿ-ಕ್ಲಾವನ್ನೇ ಬಳಸಿದರು. ಅದೂ ತೆರೆದೇ ಇದೆ. ಆದರೆ ಯಾವ ಸಾಫ್ಟ್‌ವೇರೂ ತಂದ ಕೂಡಲೇ ನಮ್ಮ ಕೆಂಪು ಮುರಕಲ್ಲು ಮಣ್ಣಿಗೆ, ಜುಲೈ ತಿಂಗಳ ಹೊಳೆಗೆ ಹೊಂದುವುದಿಲ್ಲ. ಕೂತು ಹೊಂದಿಸುವವರು ಬೇಕು. ವರ್ಷ ವರ್ಷವೂ ಅದನ್ನು ಓಡುವ ಸ್ಥಿತಿಯಲ್ಲಿ ಇಡುವವರು ಬೇಕು. ಅವರಿಗೆ ಸಂಬಳ ಬೇಕು.

ಹಾಗಾಗಿ ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳನ್ನು, ಸರ್ಕಾರವನ್ನು ಕೇಳುತ್ತೇನೆ. ಯಂತ್ರಕ್ಕೆ ಹಣ ಇಡುವಾಗ ಅದರ ಲೆಕ್ಕ ಬರೆಯುವವರಿಗೂ ಕಾಯಂ ಹುದ್ದೆ ಇಡಿ. ಕರಾವಳಿಯ ಕಾಲೇಜುಗಳಿಗೆ ಒಂದೆರಡಾದರೂ ಸಿಗಲಿ. ಸಂದರ್ಶನದ ಹಾಳೆಯಲ್ಲಿ ಆ ಕಾಲಂ ಸೇರಿಸಿ. ಪ್ರೋಗ್ರಾಮನ್ನು ತೆರೆದು ಓಡಿಸಿ ನೋಡಬಲ್ಲ ಒಬ್ಬರನ್ನು ಆಯ್ಕೆ ಸಮಿತಿಯಲ್ಲಿ ಕೂರಿಸಿ.

ಇನ್ನೊಂದು ಕೋರಿಕೆ, ಇದಕ್ಕೆ ದುಡ್ಡೂ ಬೇಡ. ಶಿರೂರಿನಲ್ಲಿ ಕಾಣೆಯಾದವರನ್ನು ಹುಡುಕುವಾಗ ನೌಕಾಪಡೆಯವರು ಶಬ್ದದ ಅಲೆಯಿಂದ ತಳ ನೋಡುವ ಸೋನಾರ್ ಇಟ್ಟು ಗಂಗಾವಳಿಯ ತಳವನ್ನು ಜಾಲಾಡಿದರು. ಹೂಳೆತ್ತುವ ಯಂತ್ರವೂ ಬಂತು. ಆಗ ತೆಗೆದ ಆಳದ ಅಳತೆಗಳನ್ನು ನಮ್ಮ ವಿದ್ಯಾರ್ಥಿಗಳಿಗೆ ಕೊಡಿಸಿ. ಶನಿವಾರ ಸಂಜೆ ನಮ್ಮ ಜಗಲಿಗೆ ಐದು ಮಕ್ಕಳು ಬರುತ್ತಾರೆ. ಉಳುವರೆ ಕಡೆಯ ಆ ಹುಡುಗಿ ತನ್ನ ತಮ್ಮನನ್ನೂ ಕಳಿಸುತ್ತಾಳೆ. ನಿಂತ ಕೆರೆಯ ಪರೀಕ್ಷೆಯನ್ನು ಹೋದ ವಾರ ಮುಗಿಸಿದರು. ಹೊಳೆಯ ತಳದ ಅಳತೆ ಸಿಕ್ಕ ದಿನವೇ ಗಂಗಾವಳಿಯನ್ನು ಶುರು ಮಾಡುತ್ತೇವೆ.

ಇಂತಿ,
ನಿವೃತ್ತ ಗಣಿತ ಉಪನ್ಯಾಸಕಿ,
ಅಂಕೋಲಾ, ಉತ್ತರ ಕನ್ನಡ